ವಿಲಾಯತಿಗೆ ಹೋಗುವವರು ತಿಳಿದಿರಬೇಕಾದದ್ದು

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಓಣಿಯ ಕೊನೆಯ ಮನೆಯವನು ಸ್ಕೂಟರ್ ಕೊಂಡರೆ ಹೊಟ್ಟೆಕಿಚ್ಚು ಪಡಬಹುದು. ಜೊತೆಗೆ ಕಲಿತವನು ಧಾರವಾಡದಲ್ಲಿ ಪ್ರೊಫೆಸರ್ ಆದರೂ ಪಡಬಹುದು. ಅದನ್ನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಹೇಳಿಕೊಂಡರೆ ನಾಲ್ಕು ಜನ ತಲೆಯಾಡಿಸಿ ತಮ್ಮ ತಮ್ಮದನ್ನೂ ಸೇರಿಸುತ್ತಾರೆ. ಆದರೆ ಸ್ವಂತ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಅದನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ಸ್ಟಾಫ್ ರೂಮಿನಲ್ಲಿ ಹೇಳಿದರೆ ನಗುತ್ತಾರೆ, ಅವ್ವನ ಮುಂದೆ ಹೇಳಿದರೆ ಬೈಯುತ್ತಾಳೆ, ಹೆಂಡತಿಯ ಮುಂದೆ ಹೇಳುವ ಹಾಗೇ ಇಲ್ಲ. ಆದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾನು ರಾಯಬಾಗದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಎಂಬತ್ತರ ದಶಕದ ಆರಂಭದಲ್ಲಿ ನನಗೊಂದು ಚಟ ಹತ್ತಿತು. ಇಂಗ್ಲೆಂಡಿನ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಒಂದು ಕಾಗದ ಹಾಕಿದರೆ ಸಾಕು, ಅವರು ತಮ್ಮ ಪ್ರಾಸ್ಪೆಕ್ಟಸ್ಸನ್ನು ಪುಕ್ಕಟೆಯಾಗಿ ಕಳಿಸುತ್ತಿದ್ದರು. ನುಣುಪು ಕಾಗದ, ಬಣ್ಣದ ಚಿತ್ರ, ತೆರೆದರೆ ಹೊಸ ಬೂಟಿನ ಅಂಗಡಿಯ ವಾಸನೆ. ನಮ್ಮ ಪೋಸ್ಟ್‌ಮನ್ ಬಸಪ್ಪ ಅದನ್ನು ಸುಮ್ಮನೆ ಕೊಟ್ಟು ಹೋಗುವವನಲ್ಲ. ಓಣಿಯ ತುದಿಯಿಂದಲೇ "ಸಾಹೇಬ್ರ, ವಿಲಾಯತಿದಿಂದ ಬಂದೈತ್ರಿ!" ಎಂದು ಕೂಗುತ್ತ ಬರುತ್ತಿದ್ದ. ಅವನು ಕೂಗಲಿ ಎಂದೇ ನಾನು ಬಾಗಿಲಿಗೆ ಎರಡು ನಿಮಿಷ ತಡವಾಗಿ ಬರುತ್ತಿದ್ದೆ.

ಪ್ರತಿ ಪ್ರಾಸ್ಪೆಕ್ಟಸ್ಸಿನಲ್ಲೂ ಹೊಸದಾಗಿ ಬರುವ ವಿದ್ಯಾರ್ಥಿಗಳು ಏನೇನು ತಿಳಿದಿರಬೇಕು ಎಂಬ ಒಂದು ಭಾಗ ಇರುತ್ತಿತ್ತು. ಅದು ನನಗೆ ಬಾಯಿಪಾಠ. ಎಲ್ಲ ಋತುವಿನಲ್ಲೂ ಛತ್ರಿ ಬೇಕು. ಫ್ರಿಜ್ಜಿನಲ್ಲಿಡುವ ಹಾಲಿನ ಬಾಟಲಿಯ ಮೇಲೆ ನಿಮ್ಮ ಹೆಸರು ಬರೆಯಬೇಕು. ಗುರುಗಳ ಕೋಣೆಯ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು, ಆದರೆ ಒಳಗೆ ಹೋದ ಮೇಲೆ ಅವರನ್ನು ಹೆಸರು ಹಿಡಿದು ಕರೆಯಬಹುದು. ಈ ಕೊನೆಯದನ್ನು ನಾನು ಬಿ.ಎ. ಎರಡನೆಯ ವರ್ಷದವರಿಗೆ ಉತ್ಸಾಹದಿಂದ ಹೇಳಿದೆ. ಮರುದಿನ ಹಾಜರಿ ಹಾಕುವಾಗ ಹಿಂದಿನ ಬೆಂಚಿನಿಂದ ಯಾರೋ ಸಣ್ಣ ದನಿಯಲ್ಲಿ "ಬಾಳ್ಯಾ" ಎಂದರು. ನನ್ನ ಹೆಸರು ಬಾಳಾಸಾಹೇಬ. ಅಂದಿನಿಂದ ಆ ವಿಷಯವನ್ನು ಪಾಠದಿಂದ ಕೈಬಿಟ್ಟೆ.

ಬರೀ ಪುಸ್ತಕ ತರಿಸಿಕೊಂಡು ಕೂತವನಲ್ಲ ನಾನು. ಅಲ್ಲಿಗೆ ಹೋಗುವ ಸ್ಕಾಲರ್‌ಶಿಪ್ಪಿಗೆ ಮೂರು ಸಲ ಅರ್ಜಿ ಹಾಕಿದ್ದೆ. ಮೂರನೆಯ ಸಲ ಬೆಂಗಳೂರಿಗೆ ಸಂದರ್ಶನಕ್ಕೂ ಕರೆದರು. ನಮ್ಮಲ್ಲಿಗೆ ಯಾಕೆ ಬರಬೇಕೆಂದಿದ್ದೀರಿ ಎಂದು ಕೇಳಿದರು. ಹತ್ತು ವರ್ಷ ಕೂಡಿಟ್ಟ ಇಂಗ್ಲಿಷೆಲ್ಲ ಒಮ್ಮೆಗೇ ಹೊರಗೆ ಬಂತು. ನಡುವೆ ಸಂದರ್ಶಕರಲ್ಲಿ ಒಬ್ಬ ಹೆಂಗಸು ನನ್ನ ಮುಂದೆ ನೀರಿನ ಗ್ಲಾಸು ಸರಿಸಿದಳು. ಅದನ್ನು ಮೆಚ್ಚುಗೆ ಎಂದು ತಿಳಿದು ಮತ್ತೂ ಐದು ನಿಮಿಷ ಮಾತಾಡಿದೆ. ಉತ್ತರ ಒಂದೇ ಸಾಲಿನಲ್ಲಿ ಬಂತು, ಅದೂ ತೆಳ್ಳನೆಯ ಕಾಗದದಲ್ಲಿ. ಬಸಪ್ಪ ಆ ದಿನ ಕೂಗಲಿಲ್ಲ.

ನನ್ನ ಹೆಂಡತಿ ರಾಜಮತಿ ದಿಗ್ಗೇವಾಡಿ ಕಡೆಯ ಒಂದು ತೋಟಪಟ್ಟಿಯ ಶಾಲೆಯಲ್ಲಿ ಟೀಚರ್. ನಮ್ಮ ಕಡೆ ರೈತರು ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಅವರ ಮಕ್ಕಳಿಗಾಗಿ ಕಬ್ಬಿನ ನಡುವೆ ಒಂದು ಕೋಣೆಯ ಶಾಲೆ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬಳೇ ಟೀಚರ್. ತೊಂಬತ್ತರ ದಶಕದ ನಡುವಿನಲ್ಲಿ ಇಂಥ ಶಾಲೆಯವರಿಗಾಗಿಯೇ ಇಂಗ್ಲೆಂಡಿನ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಕೋರ್ಸು ಇದೆ ಎಂದು ಇಲಾಖೆಯ ಸುತ್ತೋಲೆ ಬಂತು. ಖರ್ಚೆಲ್ಲ ಅವರದೇ. ರಾಜಮತಿ ಅರ್ಜಿ ತುಂಬಿ ತಂದು, "ರೀ, ಇದನ್ನಷ್ಟ ನೋಡಿ ಕೊಡ್ರಿ, ಇಂಗ್ಲಿಷ್ ಸರಿ ಐತಿಲ್ಲೋ ಅಂತ" ಎಂದಳು. ನಾನು "ಇಡು ಅಲ್ಲಿ" ಎಂದೆ. ಅದು ಎಂಟು ದಿನ ಅಲ್ಲಿಯೇ ಇತ್ತು. ಒಂಬತ್ತನೆಯ ದಿನ ಇರಲಿಲ್ಲ. ಅವಳು ಹಾಗೇ ಕಳಿಸಿಬಿಟ್ಟಿದ್ದಳು.

ಸಂದರ್ಶನಕ್ಕೆ ಅವಳು ತನ್ನ ತಮ್ಮನ ಜೊತೆ ಬೆಂಗಳೂರಿಗೆ ಹೋಗಿ ಬಂದಳು. ಬಾಗಿಲಲ್ಲೇ ನಿಲ್ಲಿಸಿ ಏನು ಕೇಳಿದರು ಎಂದೆ.

"ಯಾಕ ಬರ್ತೀರಿ ಅಂದ್ರು. ನನ್ನ ಕಡೆ ಒಂದ ಖೋಲಿ, ನಾಕ ಕ್ಲಾಸ ಅದಾವು, ನಿಮ್ಮ ಸಣ್ಣ ಊರಾಗೂ ಹಂಗ ಅದಾವಂತ, ನೀವು ಹೆಂಗ ನಡಸ್ತೀರಿ ನೋಡಬೇಕು ಅಂದೆ."

"ಮುಂದ?"

"ಮುಂದೇನಿಲ್ಲ. ಚಹಾ ಕೊಟ್ರು."

ಇಷ್ಟು ಸಣ್ಣ ಉತ್ತರ ಕೊಟ್ಟವಳನ್ನು ಯಾರು ಆರಿಸುತ್ತಾರೆ ಎಂದು ನಾನು ಆರು ವಾರ ನೆಮ್ಮದಿಯಿಂದ ನಿದ್ದೆ ಮಾಡಿದೆ. ಏಳನೆಯ ವಾರ ಬಸಪ್ಪ ಓಣಿಯ ತುದಿಯಿಂದ ಕೂಗಿದ. ನಾನು ಹೋಗಿ ಕೈ ಚಾಚಿದರೆ ಲಕೋಟೆಯನ್ನು ಎದೆಗೆ ಒತ್ತಿಕೊಂಡು, "ಅಕ್ಕೋರ ಇಲ್ಲೇನ್ರಿ? ಇದು ಅವರ ಹೆಸರಿಗೈತ್ರಿ" ಎಂದ. ಹನ್ನೆರಡು ವರ್ಷ ನನ್ನ ಕೈಗೆ ವಿಲಾಯತಿಯನ್ನು ತಂದು ಕೊಟ್ಟ ಮನುಷ್ಯ ಅವನು! ದಪ್ಪನೆಯ ಲಕೋಟೆ ಅದು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು ಎಂದು ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ.

ಅಂದು ಸಂಜೆ ರಾಜಮತಿ ನನ್ನ ಕಪಾಟಿನತ್ತ ನೋಡಿ, "ಅಲ್ಲಿಗೆ ಹೋಗಾವರಿಗೆ ಏನೇನ ಗೊತ್ತಿರಬೇಕು, ನಿಮ್ಮ ಪುಸ್ತಕದಾಗ ಐತೆಲ್ಲ, ಓದಿ ಹೇಳ್ರಿ" ಎಂದಳು. ನಾನು ಆ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್ ತೆಗೆದು ಅವ್ವನನ್ನೂ ಕೂರಿಸಿಕೊಂಡೆ. ಅದಕ್ಕೆ ಕಾರಣವಿತ್ತು. ನಾವು ಜೈನರು. ನಮ್ಮ ಮನೆಯಲ್ಲಿ ಅವ್ವ, ರಾಜಮತಿ ಇಬ್ಬರೂ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವವರಲ್ಲ. ನಾನು ಬೇಡ ಎಂದರೆ ಹೊಟ್ಟೆಕಿಚ್ಚು ಎನ್ನಿಸೀತು, ಅವ್ವ ಬೇಡ ಎಂದರೆ ಧರ್ಮವಾಗುತ್ತದೆ.

"ಅವ್ವಾ, ಅಲ್ಲಿ ಚಳಿಗಾಲದಾಗ ಮೂರೂ ಮುಕ್ಕಾಲಕ್ಕ ಹೊತ್ತ ಮುಳುಗತೈತಿ" ಎಂದೆ.

"ಹಂಗಾರ ಮೂರಕ್ಕ ಉಣ್ಣಲಿ" ಎಂದಳು ಅವ್ವ. "ಬ್ಯಾಸಿಗ್ಯಾಗ ಯಾವಾಗ ಮುಳುಗತೈತಿ?"

ಇದನ್ನು ಕೇಳಬಾರದಿತ್ತು. "ಹತ್ತರ ಸುಮಾರಿಗೆ" ಎಂದು ಗೊಣಗಿದೆ.

"ರಾತ್ರಿ ಹತ್ತಕ್ಕ? ಅಯ್ಯ ನಮ್ಮವ್ವ, ಅಲ್ಲೀತನಕಾ ಉಣ್ಣಾಕ ಬರತೈತಿ! ಎಂಥಾ ಪುಣ್ಯದ ದೇಶೋ ಬಾಳ್ಯಾ, ನನ್ನೂ ಕಳಸು."

ಅವರು ದಿನಾ ಬಟಾಟಿ ತಿನ್ನುತ್ತಾರೆ ಎಂದೆ. ಅವರು ತಿನ್ನಲಿ, ಇವಳು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತಾಳೆ ಎಂದಳು. ಎಂಟು ಜನಕ್ಕೆ ಸೇರಿ ಒಂದೇ ಅಡಿಗೆ ಮನೆ ಎಂದೆ. "ಸದಲಗಾದ ನಮ್ಮ ಹಳೇ ಮನ್ಯಾಗ ನಾವು ಐದ ಮಂದಿ ನೆಗೆಣ್ಣಿಯರು ಒಂದ ಒಲಿ ಮುಂದ ಮೂವತ್ತ ವರ್ಷ ತಗದೇವಿ. ಅಲ್ಲಿ ಮಂದಿ ನೆಗೆಣ್ಣಿಗಿಂತ ಕೆಟ್ಟ ಇರ್ತಾರೇನು?" ಎಂದಳು. ಕೊನೆಗೆ ನನ್ನ ಹತ್ತಿರ ಉಳಿದಿದ್ದ ದೊಡ್ಡ ಅಸ್ತ್ರವನ್ನೇ ಬಿಟ್ಟೆ. ಆ ಒಂದೇ ಒಲೆಯ ಮೇಲೆ ಪಕ್ಕದವರು ಮಾಂಸ ಬೇಯಿಸುತ್ತಾರೆ ಎಂದೆ. ಅವ್ವನ ಮುಖ ಇಳಿಯಿತು. ನಾಚಿಕೆಯಾಗಬೇಕಾದ ಆ ಕ್ಷಣದಲ್ಲಿ ನನಗೆ ಆದದ್ದು ಪರಮಾನಂದ.

ರಾಜಮತಿ ತಣ್ಣಗೆ, "ಇಪ್ಪತ್ತೆರಡನೇ ಪುಟಾ ಓದ್ರಿ" ಎಂದಳು.

ಇಪ್ಪತ್ತೆರಡನೆಯ ಪುಟದಲ್ಲಿ, ಮಾಂಸ ತಿನ್ನದವರು ಮೊದಲೇ ತಿಳಿಸಿದರೆ ಬೇರೆ ಅಡಿಗೆ ಮನೆಯ ವ್ಯವಸ್ಥೆ ಮಾಡಲಾಗುವುದು ಎಂದಿತ್ತು. ನನಗೆ ಗೊತ್ತಿತ್ತು. ಅದು ನನಗೆ ಗೊತ್ತಿತ್ತು ಎಂಬುದು ಅವಳಿಗೂ ಗೊತ್ತಾಯಿತು. ಅವ್ವ ನನ್ನನ್ನು ಒಮ್ಮೆ ನೋಡಿ ಎದ್ದು ಹೋದಳು.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು. ಆದರೆ ಇಲಾಖೆಗೆ ಗಂಡನ ಒಪ್ಪಿಗೆ ಪತ್ರ ಬೇಕಿತ್ತು. ಅವಳೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ತಂದಳು. ನಾನು ಎರಡು ಕಡೆ ಕೆಂಪು ಶಾಯಿ ಹಚ್ಚಿ ವಾಪಸ್ಸು ಕೊಟ್ಟೆ. ತಿದ್ದಿ ತಂದಳು. ಒಂದು ಅಲ್ಪವಿರಾಮ ಹೆಚ್ಚಾಗಿದೆ ಎಂದು ಮತ್ತೆ ಕೊಟ್ಟೆ. ಮೂರನೆಯ ಸಲ ನಾನು ಮೊದಲು ತಿದ್ದಿದ್ದನ್ನೇ ತಪ್ಪು ಎಂದೆ. ಕಳಿಸುವ ಗಡುವು ಸೋಮವಾರಕ್ಕೆ ಮುಗಿಯುತ್ತಿತ್ತು. ಶನಿವಾರ ಬೆಳಿಗ್ಗೆ ಅವಳು ಶಾಲೆಗೆ ಹೊರಟವಳು ಚಪ್ಪಲಿ ಮೆಟ್ಟುತ್ತ ಹೇಳಿದಳು: "ನೀವು ನಾ ಹೇಳೂದನ್ನ ಕೇಳೂದಿಲ್ಲ, ಅದರಾಗಿನ ತಪ್ಪಷ್ಟ ಕೇಳ್ತೀರಿ. ಬ್ಯಾಡಂದ್ರ ಬ್ಯಾಡ ಅನ್ರಿ, ಬಿಡ್ತೀನಿ. ಸರಳ ಹೇಳ್ರಿ."

ಸರಳವಾಗಿ ಹೇಳುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಆದರೂ ಒಂದು ತಾಸು ಕೂತು ಧೈರ್ಯ ಮಾಡಿದೆ. ಬೇಡ ಎಂದೇ ಹೇಳುವುದು, ಅದೂ ಶಾಲೆಗೆ ಹೋಗಿ ಹೇಳುವುದು. ಮಕ್ಕಳ ಮುಂದೆ ಅವಳು ವಾದ ಮಾಡಲಿಕ್ಕಿಲ್ಲ. ಬಸ್ಸಿಳಿದು ಕಬ್ಬಿನ ನಡುವಿನ ಹಾದಿಯಲ್ಲಿ ನಡೆದೆ. ಮದುವೆಯಾಗಿ ಹದಿನೈದು ವರ್ಷವಾದರೂ ಆ ಶಾಲೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ನಾಲ್ಕು ಗೋಡೆಗೂ ಕಪ್ಪು ಬಣ್ಣ ಬಳಿದು ನಾಲ್ಕು ಬೋರ್ಡು ಮಾಡಿದ್ದಳು. ಒಂದನೆಯವರು ಹುಣಸೆ ಬೀಜ ಎಣಿಸುತ್ತಿದ್ದರು, ಮೂರನೆಯವರು ಬರೆಯುತ್ತಿದ್ದರು, ನಾಲ್ಕನೆಯ ತರಗತಿಯ ಇಬ್ಬರು ಹುಡುಗಿಯರು ಚಿಕ್ಕವರಿಗೆ ಓದಿಸುತ್ತಿದ್ದರು. ಅವಳು ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದಳು, ಅಷ್ಟೇ. ನನ್ನನ್ನು ಕಂಡು, "ಬಂದ್ರಾ? ಛಲೋ ಆತು. ಎರಡನೇತ್ತಾದವರನ್ನ ಹತ್ತ ಮಿನಿಟ ಹಿಡಕೋರಿ, ಈ ಕೂಸಿಗೆ ಜ್ವರಾ ಬಂದಾವು, ಬಾಜೂ ಮನ್ಯಾಗ ಬಿಟ್ಟ ಬರ್ತೀನಿ" ಎಂದು ಹೊರಟೇ ಹೋದಳು.

ಎರಡನೆಯ ತರಗತಿಯ ಹನ್ನೊಂದು ಮಕ್ಕಳು. ನಾನು ಕನ್ನಡ ವರ್ಣಮಾಲೆಯ ಮಹತ್ವದಿಂದ ಶುರುಮಾಡಿದೆ. ಎರಡನೆಯ ನಿಮಿಷಕ್ಕೆ ಒಬ್ಬ ಕಿಟಕಿ ಹತ್ತಿದ. ಮೂರನೆಯ ನಿಮಿಷಕ್ಕೆ ಇಬ್ಬರು ನೀರು ಕುಡಿಯಲು ಹೋದವರು ಬರಲಿಲ್ಲ. ಉಳಿದವರು ಒಂದನೆಯವರ ಹುಣಸೆ ಬೀಜಕ್ಕೆ ಕೈ ಹಾಕಿದರು, ಜಗಳ ಹತ್ತಿತು, ನಾಲ್ಕೂ ಗೋಡೆ ಒಂದಾದವು. ರಾಜಮತಿ ಬಾಗಿಲಿಗೆ ಬರುತ್ತಿದ್ದಂತೆ ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಎದ್ದು ನಿಂತು ದೂರು ಕೊಟ್ಟಳು: "ಅಕ್ಕೋರ, ಈ ಮಾಮಾಗ ಕಲಸಾಕ ಬರೂದಿಲ್ರಿ. ಬರೇ ಮಾತಾಡ್ತಾನ್ರಿ."

ರಾಜಮತಿ ನಗಲಿಲ್ಲ. "ಕಲೀತಾರ ಬಿಡು" ಎಂದಳು.

ಬೇಡ ಎಂದು ಹೇಳಲು ಹೋದವನು ಅದನ್ನು ಹೇಳದೆ ಬಸ್ಸು ಹತ್ತಿದೆ. ಹೊಟ್ಟೆಕಿಚ್ಚು ಕಡಿಮೆಯಾಯಿತು ಎಂದು ತಿಳಿಯಬೇಡಿ, ದುಪ್ಪಟ್ಟಾಯಿತು. ಅಲ್ಲಿಯವರೆಗೆ ಅವಳು ಹೋಗುವ ಊರಿನ ಮೇಲೆ ಹೊಟ್ಟೆಕಿಚ್ಚಿತ್ತು, ಈಗ ಅವಳ ಕೆಲಸದ ಮೇಲೂ ಹುಟ್ಟಿಕೊಂಡಿತು. ಆದರೆ ಅವಳು ಹೋಗಲೇಬೇಕಾದವಳು ಎಂಬುದು ಮಾತ್ರ ಖಾತ್ರಿಯಾಗಿತ್ತು.

ಸಂಜೆ ನಾನೇ ಪತ್ರ ತಾ ಎಂದೆ. ಕೆಂಪು ಪೆನ್ನು ಬಿಟ್ಟು ನೀಲಿ ಪೆನ್ನಿನಿಂದ ರುಜು ಹಾಕಿದೆ. ಅದರ ಕೆಳಗೆ ಇನ್ನೊಂದು ಹಾಳೆ ಇತ್ತು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಗಂಡನೂ ಬಂದಿರಬಹುದು, ಹಾಗೆ ಬಂದವರಿಗೆ ವಿಶ್ವವಿದ್ಯಾಲಯ ಪುಕ್ಕಟೆಯಾಗಿ ಇಂಗ್ಲಿಷ್ ಕಲಿಸುತ್ತದೆ ಎಂದಿತ್ತು. ಬರುವವರ ಇಂಗ್ಲಿಷ್ ಹೇಗಿದೆ? ಇಲ್ಲ, ಸ್ವಲ್ಪ, ಸಾಧಾರಣ, ಚೆನ್ನಾಗಿದೆ. ನಾಲ್ಕು ಚೌಕಗಳಲ್ಲಿ ರಾಜಮತಿ "ಸ್ವಲ್ಪ" ಎಂಬುದಕ್ಕೆ ಗುರುತು ಹಾಕಿದ್ದಳು.

ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದವನು ನಾನು. "ಏನ ಇದು?" ಎಂದೆ.

"ಛಲೋ ಐತಿ ಅಂತ ಬರದ್ರ ಕ್ಲಾಸಿಗೆ ತಗೊಳ್ಳೂದಿಲ್ಲಂತ್ರಿ" ಎಂದಳು. "ನಾ ದಿನಾ ಕಲ್ಯಾಕ ಹೋದಮ್ಯಾಲೆ ನೀವೊಬ್ರ ಖೋಲ್ಯಾಗ ಕುಂತ ಏನ ಮಾಡ್ತೀರಿ? ನಿಮಗ ಯಾರರೆ ಮಾತಾಡಾಕ ಬೇಕಲ್ಲ."

ಆ ಹಾಳೆಗೂ ರುಜು ಹಾಕಿದೆ. ಅದರಲ್ಲಿ ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಸಿಗಬಹುದೇನೋ ಎಂದು ಎರಡು ಸಲ ಓದಿದೆ ಎಂಬುದನ್ನು ಮಾತ್ರ ಅವಳಿಗೆ ಇಂದಿಗೂ ಹೇಳಿಲ್ಲ.