ಕಾಂಡ್ಲಾ ಕಾಡಿನಲ್ಲಿ ಉದುರಿದ ತೆಂಗಿನಕಾಯಿಯ ಕುರಿತು

ಶ್ರೀಮಾನ್ ಎರೋನಿ ತಮಾನಿ ಅವರಿಗೆ,
ಇನ್ಸ್‌ಪೆಕ್ಟರ್, ನುಕುಲೋವ ದ್ವೀಪದ ಪೊಲೀಸ್ ಠಾಣೆ.
(ಪ್ರತಿಗಳು: ಸಹಕಾರಿ ಅಂಗಡಿಯ ನೋಟಿಸ್ ಬೋರ್ಡಿಗೆ, ಚರ್ಚಿನ ಬಾಗಿಲಿಗೆ, ದೋಣಿಕಟ್ಟೆಯಲ್ಲಿ ಮೀನು ತೂಗುವ ತಕ್ಕಡಿಯ ಕಂಬಕ್ಕೆ.)

ಮಾನ್ಯರೇ,

ಸಮುದ್ರದ ಗಾಳಿ, ಠಾಣೆಯ ಜಗಲಿ ಮತ್ತು ಆ ಜಗಲಿಯ ಮೇಲಿನ ಬೆತ್ತದ ಕುರ್ಚಿ ತಮ್ಮ ಆರೋಗ್ಯವನ್ನು ಎಂದಿನಂತೆ ಕಾಪಾಡಿಕೊಂಡು ಬರುತ್ತಿವೆ ಎಂದು ನಂಬಿ, ತಮಗೂ ತಮ್ಮ ಶ್ರೀಮತಿಯವರಿಗೂ ಠಾಣೆಯ ಅಂಗಳದ ಕೋಳಿಗಳಿಗೂ ಅನಂತ ವಂದನೆಗಳನ್ನು ಅರ್ಪಿಸುತ್ತೇನೆ. ನಾನು ಉನೈಸಿ ವಾಕಾ, ನಿವೃತ್ತ ಶಿಕ್ಷಕಿ. ನಾಲ್ಕನೆಯ ತರಗತಿಯಲ್ಲಿ ತಮಗೆ ಪಾಠ ಹೇಳಿದವಳು ನಾನೇ. ಏಳು ವರ್ಷಗಳಿಂದ ಪ್ರತಿ ಮಂಗಳವಾರ ತಮ್ಮ ಠಾಣೆಯ ಬೆಂಚಿನ ಮೇಲೆ ಕೂತು ಎದ್ದು ಹೋಗುವವಳೂ ನಾನೇ. ಆ ಬೆಂಚಿನ ಅಲುಗಾಡುತ್ತಿದ್ದ ಎಡಗಾಲನ್ನು ಸರಿಪಡಿಸಿದ್ದಕ್ಕಾಗಿ ಮೊದಲಿಗೆ ಧನ್ಯವಾದ. ಇಷ್ಟು ವರ್ಷಗಳಲ್ಲಿ ಠಾಣೆಯಲ್ಲಿ ಪೂರ್ತಿಯಾದ ಕೆಲಸ ಅದೊಂದೇ ಎಂದು ಕೆಲವು ಕೆಟ್ಟ ನಾಲಿಗೆಯವರು ಆಡಿಕೊಳ್ಳುತ್ತಾರೆ. ನಾನು ಅಂಥ ಮಾತಿಗೆ ಕಿವಿಗೊಡುವುದಿಲ್ಲ, ಹೆಚ್ಚಾಗಿ ಅದನ್ನು ಆಡುವವಳು ನಾನೇ ಆದ್ದರಿಂದ.

ಈ ಪತ್ರ ನನ್ನ ತಂಗಿ ಲೊಸಾನಾಳ ಕುರಿತದ್ದು. ತಾವು ಅವಳನ್ನು ಬಲ್ಲಿರಿ. ಬೋರ್ಡಿನ ಮುಂದೆ ನಿಂತು ಓದುವ ಪರವೂರಿನವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಹವಳದ ದಿಬ್ಬ ಸುಧಾರಿಸಿಕೊಳ್ಳಲಿ, ಐದು ವರ್ಷ ಪೂರ್ವದ ಕೊಲ್ಲಿಯಲ್ಲಿ ಯಾರೂ ಬಲೆ ಬೀಸಬಾರದು, ಮುಳುಗು ಹಾಕಬಾರದು ಎಂದು ಊರವರು ತೀರ್ಮಾನಿಸಿದಾಗ, ಕೊಲ್ಲಿ ಕಾಯುವ ಕೆಲಸಕ್ಕೆ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದರು. ಲೊಸಾನಾ ಎದ್ದು, "ನಾನ್ ನೋಡ್ಕೋತೀನಿ, ನೀವು ಕೂತ್ಕೊಂಡಿರಿ" ಅಂದಳು. ಆಗ ಅವಳಿಗೆ ನಲವತ್ತೊಂದು. ಕೊಲ್ಲಿಯ ಈ ದಡದಲ್ಲಿ ಕೂಗಿದರೆ ಆ ದಡದ ಹಂದಿಗಳು ತಲೆ ಎತ್ತಬೇಕು, ಹಾಗಿತ್ತು ದನಿ. ತನ್ನ ದೋಣಿಯ ಹುಟ್ಟನ್ನು ಯಾರ್ಯಾರೋ ಕೇಳದೆ ಒಯ್ಯುತ್ತಾರೆಂದು ಕಾದ ಮೊಳೆಯಿಂದ ಅದರ ಹಿಡಿಯ ಮೇಲೆ ತನ್ನ ಹೆಸರನ್ನು ಸುಟ್ಟು ಬರೆದಿದ್ದಳು. ಅವಳು ಮೂರು ಸಲ ಬೆನ್ನಟ್ಟಿ ಓಡಿಸಿದ್ದು ಒಂದೇ ದೋಣಿಯನ್ನು. ಸಮುದ್ರ ಸೌತೆ ಎಂಬ, ಒಣಗಿಸಿದರೆ ಒಳ್ಳೆಯ ಬೆಲೆ ಬರುವ ಕಡಲಜೀವಿಯನ್ನು ಹಿಡಿಯಲು ಬರುತ್ತಿದ್ದ ನೆತಾನಿಯ ನೀಲಿ ದೋಣಿಯನ್ನು. ನೆತಾನಿ ತಮ್ಮ ಭಾಮೈದ ಎಂಬುದನ್ನು ಇಲ್ಲಿ ಹೇಳುತ್ತಿರುವುದು ಕೇವಲ ವಂಶಾವಳಿಗಳ ಮೇಲೆ ನನಗಿರುವ ಆಸಕ್ತಿಯಿಂದ.

ಏಳು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಮಂಗಳವಾರ ಬೆಳಿಗ್ಗೆ, ಅವಳು ಬೇಯಿಸಿದ ಮರಗೆಣಸು ತಿಂದು ದೋಣಿ ಇಳಿಸಿದಳು. ಮಧ್ಯಾಹ್ನ ನೀರು ಇಳಿದ ಮೇಲೆ ಚಿಪ್ಪು ಆರಿಸಲು ಹೋದ ಹೆಂಗಸರಿಗೆ, ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ನಡುವೆ ಕೆಸರಿನಲ್ಲಿ ಅವಳು ಬೋರಲಾಗಿ ಬಿದ್ದದ್ದು ಕಂಡಿತು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಹುಟ್ಟಿನ ಮುರಿದ ತುಂಡು. ಅದರ ಮೇಲೆ 'ಲೊಸಾ' ಎಂಬಷ್ಟೇ ಉಳಿದಿತ್ತು. ಹೆಸರಿನ ಉಳಿದ ಭಾಗವಿದ್ದ ಇನ್ನೊಂದು ತುಂಡು ಎಲ್ಲೂ ಇರಲಿಲ್ಲ. ನಾನು ಅವಳ ಕೂದಲಿಗೆ ಅಂಟಿದ ಕೆಸರನ್ನು ಬಿಡಿಸುತ್ತಾ ಕೂತೆ. ಅದು ಬಿಡಿಸಿದಷ್ಟೂ ಬರುತ್ತಿತ್ತು. ಇಷ್ಟು ಭಾಗಕ್ಕೆ ನನಗೆ ವ್ಯಂಗ್ಯ ಒದಗಲಿಲ್ಲ, ಕ್ಷಮೆಯಿರಲಿ.

ತಾವು ನಾಲ್ಕು ಗಂಟೆಗೆ ಆಗಮಿಸಿ, ಬೂಟಿಗೆ ಕೆಸರು ತಾಗದಂತೆ ದಡದ ಮೇಲಿಂದಲೇ ಸ್ಥಳ ಪರಿಶೀಲನೆ ಮಾಡಿದಿರಿ. ಅಂದು ಬೆಳಿಗ್ಗೆ ಕೊಲ್ಲಿಯಿಂದ ನೀಲಿ ದೋಣಿಯೊಂದು ಹೊರಟಿದ್ದನ್ನು ಕಂಡೆವು ಎಂದು ಇಬ್ಬರು ಹೆಂಗಸರು ಹೇಳಿದರು. ಬಿಸಿಲಿನ ಝಳಕ್ಕೆ ಹೆಂಗಸರ ಕಣ್ಣಿಗೆ ಏನೇನೋ ನೀಲಿಯಾಗಿ ಕಾಣುತ್ತದೆ ಎಂದು ತಾವು ಬರೆದುಕೊಂಡಿರಿ. ನಾಲ್ಕನೆಯ ದಿನ ತಮ್ಮ ವರದಿ ಬಂತು. ಮೃತಳು ತಲೆಯ ಮೇಲೆ ತೆಂಗಿನಕಾಯಿ ಬಿದ್ದು ಸತ್ತಿದ್ದಾಳೆ, ಹೊಡೆತದ ರಭಸಕ್ಕೆ ಹುಟ್ಟೂ ಮುರಿದಿದೆ, ಯಾರ ಮೇಲೂ ಅನುಮಾನವಿಲ್ಲ.

ಮಾನ್ಯರೇ, ಕಾಂಡ್ಲಾ ಕಾಡಿನಲ್ಲಿ ತೆಂಗಿನ ಮರವಿಲ್ಲ. ಎಲ್ಲಕ್ಕಿಂತ ಹತ್ತಿರದ ತೆಂಗಿನ ಮರ ಪಾದ್ರಿಗಳ ಹಿತ್ತಿಲಿನದು, ಮುನ್ನೂರ ಹನ್ನೆರಡು ಹೆಜ್ಜೆ ದೂರದಲ್ಲಿ. ಅಂದಮೇಲೆ ಆ ಕಾಯಿ ತೊಟ್ಟು ಕಳಚಿಕೊಂಡು, ಪಾದ್ರಿಗಳ ಅಡುಗೆಮನೆಯನ್ನೂ ಹಂದಿಗೂಡನ್ನೂ ಹಾರಿ, ಹಳ್ಳ ದಾಟಿ, ಎಡಕ್ಕೆ ತಿರುಗಿ, ನನ್ನ ತಂಗಿಯ ಹಿಂದಿನಿಂದ ಬಂದು ಹೊಡೆದು, ಹುಟ್ಟಿನ ಅರ್ಧ ತುಂಡನ್ನು ಕಂಕುಳಲ್ಲಿಟ್ಟುಕೊಂಡು ಪರಾರಿಯಾಗಿರಬೇಕು. ಇಂಥ ಪ್ರತಿಭಾವಂತ ಕಾಯಿಯನ್ನು ಪತ್ತೆ ಹಚ್ಚಿದ ತಮ್ಮ ಬುದ್ಧಿಗೆ ನಮ್ಮ ಕುಟುಂಬ ಸದಾ ಋಣಿ. ಆದರೆ ಅದನ್ನು ಈವರೆಗೆ ಬಂಧಿಸದೆ ಬಿಟ್ಟಿರುವುದು ಸಾರ್ವಜನಿಕರಲ್ಲಿ ಆತಂಕ ಉಂಟುಮಾಡಿದೆ. ದ್ವೀಪದ ಕಾಯಿಗಳನ್ನೆಲ್ಲ ಠಾಣೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಗುರುತು ಹಿಡಿಸಬೇಕೆಂದು ನಾನು ಎರಡನೆಯ ವರ್ಷವೇ ಅರ್ಜಿ ಕೊಟ್ಟಿದ್ದೆ. ನಾವು ದಿನವೂ ಕಾಯಿ ಹಿಂಡಿ ಹಾಲು ತೆಗೆಯುವವರು. ಆರೋಪಿಯನ್ನು ಈಗಾಗಲೇ ತಿಂದುಬಿಟ್ಟಿದ್ದರೆ ಯಾವ ಕಲಮಿನಡಿ ಶರಣಾಗಬೇಕು ಎಂದೂ ಕೇಳಿದ್ದೆ. ಎರಡಕ್ಕೂ ಉತ್ತರ ಬರಲಿಲ್ಲ.

ಉಳಿದ ಅರ್ಜಿಗಳಿಗೆ ಉತ್ತರ ಬಂದಿದೆ, ಸುಳ್ಳು ಹೇಳಬಾರದು. ಕಡತ ಪರಿಶೀಲನೆಯಲ್ಲಿದೆ ಎಂದಿರಿ. ಕಡತ ಮುಖ್ಯ ದ್ವೀಪಕ್ಕೆ ಹೋಗಿದೆ ಎಂದಿರಿ. ಹೋದ ಕಡತ ಮರಳಿ ಬಂದಿಲ್ಲ ಎಂದಿರಿ. ನಮ್ಮಲ್ಲಿ ಯಾರಿಗೂ ಇಲ್ಲದ ಪ್ರವಾಸದ ಭಾಗ್ಯ ಆ ಕಡತಕ್ಕಾದರೂ ಬಂತಲ್ಲ ಎಂದು ನಾನು ಸಂತೋಷಪಟ್ಟಿದ್ದೆ. ಆದರೆ ಮೂರನೆಯ ವರ್ಷ ಅದು ಠಾಣೆಯಲ್ಲೇ ನನ್ನ ಕಣ್ಣಿಗೆ ಬಿತ್ತು, ತಾವು ಮಂಪರು ತರುವ ಯಂಗೋನ ಬೇರನ್ನು ನೀರಿನಲ್ಲಿ ಕಿವುಚಿ ಕುಡಿಯುವ ಮರದ ಬೋಗುಣಿಯ ಕುಂಟು ಕಾಲಿನ ಕೆಳಗೆ. ಬೋಗುಣಿ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ನನ್ನ ತಂಗಿಯ ಸಾವು ಸರ್ಕಾರಕ್ಕೆ ಅಷ್ಟರ ಮಟ್ಟಿಗೆ ಆಧಾರವಾಗಿತ್ತು.

ಇನ್ನು ಐದನೆಯ ವರ್ಷದ ಆ ಶನಿವಾರ. ನೆತಾನಿಯ ಮನೆತನದ ಹಿರಿಯರು ಹನ್ನೊಂದು ಮಂದಿ, ಹೊಸ ಚಾಪೆಗಳು, ಸೀಮೆಎಣ್ಣೆಯ ಡ್ರಮ್ಮು ಮತ್ತು ಹುರಿ ಕಟ್ಟಿದ ತಿಮಿಂಗಿಲದ ಹಲ್ಲಿನೊಡನೆ ನಮ್ಮ ಮನೆಗೆ ಬಂದರು. ಆ ಹಲ್ಲನ್ನು ಕೈಗೆ ತೆಗೆದುಕೊಂಡರೆ ತಪ್ಪನ್ನು ಕ್ಷಮಿಸಿದಂತೆ, ಅಲ್ಲಿಗೆ ಎಲ್ಲ ಮುಗಿದಂತೆ; ನಮ್ಮಲ್ಲಿ ಇದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಹೂವಿನ ಅಂಗಿ ತೊಟ್ಟು, ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅವರ ಪರವಾಗಿ ಮಾತಾಡಲು ಮುಂದೆ ಕೂತವರು ತಾವು. ಶಾಂತಿಯ ಬಗ್ಗೆ, ಕರ್ತನ ಕರುಣೆಯ ಬಗ್ಗೆ, ಎಲ್ಲವನ್ನೂ ತೊಳೆಯುವ ಕಡಲಿನ ಬಗ್ಗೆ ಕಾಲು ಗಂಟೆ ತಾವಾಡಿದ ಮಾತು ಎಷ್ಟು ಸೊಗಸಾಗಿತ್ತೆಂದರೆ ತಮಗೆ ಭಾಷೆ ಕಲಿಸಿದ್ದಕ್ಕೆ ನನಗೇ ಹೆಮ್ಮೆಯಾಯಿತು. ನಮ್ಮ ತಾಯಿ ತೋರಿಕಾ, ಊರೆಲ್ಲ ಬೂಬೂ ಎಂದು ಕರೆಯುವ ಎಂಬತ್ತಾರರ ಮುದುಕಿ, ಚಾಪೆ ಹೆಣೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು.

"ಎರೋನಿ, ಒಂದು ಕೇಳ್ತೀನಿ, ಹೇಳಪ್ಪ" ಅಂದಳು. "ನನ್ ಮಗಳು ಕಾಯಿ ಬಿದ್ದು ಸತ್ಲು ಅಂತ ನೀನೇ ಬರ್ದಿದೀಯ. ಕಾಯಿ ಬಿದ್ದು ಸತ್ತೋಳಿಗೆ ಇವರ್ಯಾಕೆ ಕ್ಷಮೆ ಕೇಳೋಕೆ ಬಂದವ್ರೆ?"

ತಾವು ಅತ್ತಿತ್ತ ನೋಡಿ, "ಊರಲ್ಲಿ ಸಮಾಧಾನ ಇರ್ಲಿ ಅಂತ, ಬೂಬೂ" ಎಂದಿರಿ.

"ಹಂಗಾದ್ರೆ ಆ ಕಾಯೀನೇ ಕರ್ಕೊಂಡ್ ಬಾ. ಹಲ್ಲು ಅದೇ ಕೊಡ್ಲಿ."

ಬೂಬೂ ಕೈ ಚಾಚಲಿಲ್ಲ. ಹನ್ನೊಂದು ಮಂದಿ ಹಿರಿಯರು ಸೀಮೆಎಣ್ಣೆಯ ಡ್ರಮ್ಮನ್ನು ಬಂದ ದಾರಿಯಲ್ಲೇ ಉರುಳಿಸಿಕೊಂಡು ಹೋದರು. ಹಲ್ಲನ್ನು ತಿರಸ್ಕರಿಸಿದ ಮನೆ ಎಂದು ಊರು ನಮ್ಮಿಂದ ಮುಖ ತಿರುಗಿಸಿತು. ಮದುವೆಗಳಿಗೆ ಕರೆ ಬರಲಿಲ್ಲ, ಚರ್ಚಿನ ಬೆಂಚಿನಲ್ಲಿ ನಮ್ಮ ಅಕ್ಕಪಕ್ಕದ ಜಾಗ ಖಾಲಿ ಉಳಿಯತೊಡಗಿತು. ಒಂದು ದಿನ ಬೂಬೂ ಹೆಣಿಗೆ ಕೆಳಗಿಟ್ಟು, "ತಪ್ಪು ಮಾಡಿದ್ನೇನೆ? ತಗೊಂಡಿದ್ರೆ ನಿಂಗಾದ್ರೂ ನೆಮ್ಮದಿ ಇರ್ತಿತ್ತೇನೋ" ಎಂದು ಕೇಳಿದಳು. ನನಗೆ ತಕ್ಷಣ ಇಲ್ಲ ಎನ್ನಲಾಗಲಿಲ್ಲ. ಆ ಒಂದು ಗಳಿಗೆಯ ಮೌನಕ್ಕಾಗಿ ನಾನು ತಮ್ಮನ್ನು ಬೇರೆ ಯಾವುದಕ್ಕಿಂತಲೂ ಹೆಚ್ಚು ದ್ವೇಷಿಸುತ್ತೇನೆ, ಅತ್ಯಂತ ಗೌರವಪೂರ್ವಕವಾಗಿ.

ಆದರೂ ತಾವು ಮಾಡಿದ ಉಪಕಾರ ದೊಡ್ಡದು. ಆ ಶನಿವಾರ ನಮ್ಮ ಮನೆಯ ಒಳಗೂ ಕಿಟಕಿಗಳಲ್ಲೂ ಇದ್ದು ಎಲ್ಲವನ್ನೂ ಕಂಡವರು ನಲವತ್ತಮೂರು ಮಂದಿ. ಇನ್ಸ್‌ಪೆಕ್ಟರೇ ಖುದ್ದಾಗಿ ಕೊಲೆಗೆ ಕ್ಷಮೆ ಕೇಳಲು ಬಂದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮೊಡನೆ ಮಾತು ಬಿಟ್ಟವರ ಮನೆಗೂ ನಾನು ಹೋದೆ, ಒಬ್ಬೊಬ್ಬರಿಂದಲೂ ಬರೆಸಿಕೊಂಡೆ. ಅರ್ಧದಷ್ಟು ಜನ ನನ್ನ ಹಳೆಯ ವಿದ್ಯಾರ್ಥಿಗಳು. ಬರೆಯಿರಿ ಎಂದರೆ ಇಂದಿಗೂ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಆ ಕಾಗದಗಳನ್ನು ಹೊತ್ತು ಹಡಗು ಹತ್ತಿ ಮುಖ್ಯ ದ್ವೀಪದ ನ್ಯಾಯಾಲಯಕ್ಕೆ ಹೋದೆ. ಮೂರು ಸಲ ಗುಮಾಸ್ತರು ವಾಪಸು ಕಳಿಸಿದರು. ನಾಲ್ಕನೆಯ ಸಲ ಮ್ಯಾಜಿಸ್ಟ್ರೇಟರು, ನನಗಿಂತ ಮೂವತ್ತು ವರ್ಷ ಚಿಕ್ಕ ಹೆಂಗಸು, ತಾವೇ ತೆಗೆದು ಓದಿದರು. ತೆಂಗಿನಕಾಯಿಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

ಕಳೆದ ತಿಂಗಳು ನಮ್ಮ ಶಾಲೆಯ ಹಾಲಿನಲ್ಲಿ ಮರುವಿಚಾರಣೆ ನಡೆದದ್ದು ತಮಗೆ ನೆನಪಿರಲೇಬೇಕು. ತೆಂಗಿನ ಮರವನ್ನು ನೋಡಿದಿರಾ ಎಂದು ಅವರು ಕೇಳಿದಾಗ, "ಮರ ಇರುತ್ತೆ ಅಂದ್ಕೊಂಡೆ, ಮೇಡಂ" ಎಂದು ತಾವು ಕೊಟ್ಟ ಉತ್ತರವನ್ನು ಊರು ಈಗ ಎಲ್ಲದಕ್ಕೂ ಬಳಸುತ್ತಿದೆ. ಅಂಗಡಿಯಲ್ಲಿ ಸಕ್ಕರೆ ಮುಗಿದರೆ ಅಂಗಡಿಯವನೂ ಅದನ್ನೇ ಹೇಳುತ್ತಾನೆ. ನಗು ನಿಲ್ಲುವ ಮುಂಚೆಯೇ ಹಿಂದಿನ ಸಾಲಿನಿಂದ ನೆತಾನಿಯ ಹೆಂಡತಿ ಕೆಲೆರಾ ಎದ್ದು ಬಂದಳು. ಆಕೆಯನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಕಂಕುಳಲ್ಲಿದ್ದ ಚಾಪೆಯ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಹುಟ್ಟಿನ ಮುರಿದ ತುಂಡು, ಹೊಗೆ ಹಿಡಿದು ಕಪ್ಪಾಗಿತ್ತು.

"ಅಡುಗೆಮನೆ ಸೂರಲ್ಲಿ ಸಿಗಿಸಿಟ್ಟಿದ್ರು. ಏಳು ವರ್ಷ ಇದನ್ನ ನೋಡ್ಕೊಂಡೇ ಬೇಯ್ಸಿ ಹಾಕ್ದೆ. ಇನ್ನಾಗಲ್ಲ" ಅಂದಳು.

ಮ್ಯಾಜಿಸ್ಟ್ರೇಟರು ಎರಡೂ ತುಂಡುಗಳನ್ನು ಜೋಡಿಸಿದರು. ನನ್ನ ತಂಗಿಯ ಹೆಸರು ಪೂರ್ತಿಯಾಯಿತು. ನಾನು ಕೆಲೆರಾಳ ಕೈ ಹಿಡಿದುಕೊಂಡೆ. ಇಂದು ಅವಳು ನಮ್ಮ ಮನೆಯಲ್ಲೇ ಇದ್ದಾಳೆ.

ಮನುಷ್ಯನ ಕೈಯಿಂದಲೇ ಆದ ಸಾವು ಎಂದು ತೀರ್ಪು ಬಂತು, ನೆತಾನಿಯನ್ನು ಬಂಧಿಸಲು ವಾರಂಟು ಹೊರಟಿತು. ದುರದೃಷ್ಟವಶಾತ್ ಅವನು ವಿಚಾರಣೆಗೆ ಎರಡು ದಿನ ಮುಂಚೆಯೇ ದೊಡ್ಡ ಮೀನುಹಡಗೊಂದನ್ನು ಹತ್ತಿ ಹೋಗಿದ್ದ. ತಾರೀಖು ಮುಂಚಿತವಾಗಿ ತಿಳಿದಿದ್ದದ್ದು ತಮಗೆ ಮತ್ತು ನನಗೆ ಮಾತ್ರ. ನಾನಂತೂ ಅವನಿಗೆ ಹೇಳಲಿಲ್ಲ. ಈಗ ಇಪ್ಪತ್ತಮೂರು ದಿನಗಳಿಂದ ವಾರಂಟು ತಮ್ಮ ಮೇಜಿನ ಡ್ರಾಯರಿನಲ್ಲಿದೆ, ಆರೋಪಿಯ ವಿಳಾಸ ತಿಳಿದಿಲ್ಲ ಎಂದು ತಾವು ಬರೆದಿದ್ದೀರಿ. ಅದೇ ಆರೋಪಿ ಹಡಗಿನಿಂದ ದಿನಕ್ಕೆರಡು ಫೋಟೋ ಫೋನಿನಲ್ಲಿ ಹಾಕುತ್ತಾನೆ. ರಗ್ಬಿ ತಂಡ ಸೋತದ್ದಕ್ಕೆ ತೀರ್ಪುಗಾರನನ್ನು ಬೈಯುತ್ತಾನೆ. ತಮ್ಮ ಠಾಣೆಯ ಮೂವರು ಅದಕ್ಕೆ ಮೆಚ್ಚುಗೆ ಒತ್ತಿದ್ದಾರೆ. ಇಷ್ಟೆಲ್ಲದರ ನಡುವೆಯೂ ಅವನನ್ನು ಕಾಣದಿರಲು ಎಂಥ ಏಕಾಗ್ರತೆ ಬೇಕು ಎಂದು ಯೋಚಿಸಿದರೆ ತಮ್ಮ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಆದ್ದರಿಂದ ತಮ್ಮ ಶ್ರಮ ಉಳಿಸಲು ಸಣ್ಣದೊಂದು ಮಾಹಿತಿ. ಅವನ ಹಡಗು ಸಿಹಿನೀರು ತುಂಬಿಸಿಕೊಳ್ಳಲು ಈ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ದೋಣಿಕಟ್ಟೆಗೇ ಬರುತ್ತಿದೆ. ಕೆಸುವಿನ ಗೆಡ್ಡೆ ಬೇಯಿಸಿ ತನ್ನಿ ಎಂದು ಅವನೇ ಗೆಳೆಯರಿಗೆ ಬರೆದಿದ್ದಾನೆ. ಬೂಬೂ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರುತ್ತಾಳೆ. ನಾನೂ ಕೆಲೆರಾಳೂ ಇರುತ್ತೇವೆ. ಕಾಗದಕ್ಕೆ ಸಹಿ ಹಾಕಿದ ನಲವತ್ತಮೂರು ಮಂದಿಯೂ ಬರುತ್ತೇವೆ ಎಂದಿದ್ದಾರೆ. ತಾವು ಬರಬೇಕು, ಬರುವಾಗ ಡ್ರಾಯರು ತೆರೆದು ಬರಬೇಕು ಎಂಬುದಷ್ಟೇ ನನ್ನ ಸವಿನಯ ಪ್ರಾರ್ಥನೆ.

ತಮ್ಮಲ್ಲಿ ಇಟ್ಟ ವಿಶ್ವಾಸವನ್ನು ಎಲ್ಲಿಟ್ಟೆನೆಂದು ಈಗಲೂ ಹುಡುಕುತ್ತಿರುವ,

ತಮ್ಮ ವಿಶ್ವಾಸಿ,
ಉನೈಸಿ ವಾಕಾ
ಸೋಮವಾರ

ಮರೆತ ಮಾತು (ಶುಕ್ರವಾರ ಬೋರ್ಡಿನ ಪ್ರತಿಯ ಕೆಳಗೆ ಸೇರಿಸಿದ್ದು): ನಿನ್ನೆ ಹಡಗು ಹೊತ್ತಿಗೆ ಸರಿಯಾಗಿ ಬಂತು. ತಾವು ಅದೇ ಹೊತ್ತಿಗೆ ಶಾಲೆಯ ಬಯಲಿನಲ್ಲಿ ಪೊಲೀಸರ ಮತ್ತು ಸಾರ್ವಜನಿಕರ ನಡುವಿನ ಸೌಹಾರ್ದ ವಾಲಿಬಾಲ್ ಪಂದ್ಯಕ್ಕೆ ಸೀಟಿ ಊದುತ್ತಿದ್ದಿರಂತೆ. ಕಳೆದ ವರ್ಷವಷ್ಟೇ ಕೆಲಸಕ್ಕೆ ಸೇರಿದ ತಮ್ಮ ಕಾನ್‌ಸ್ಟೇಬಲ್ ವಾಸಿತಿ ಎಂಬ ಹುಡುಗಿ ಮಾತ್ರ ವಾರಂಟು ಹಿಡಿದು ಒಬ್ಬಳೇ ಕಟ್ಟೆಗೆ ಬಂದಿದ್ದಳು. ನೆತಾನಿ ಏಣಿ ಇಳಿದು ಜನರನ್ನು ನೋಡಿದ, ಬೂಬೂಳನ್ನು ನೋಡಿದ, ಓಡಲಿಲ್ಲ. ಬೇಡಿ ಹಾಕಿಸಿಕೊಂಡು ನಿಂತವನನ್ನು ಬೂಬೂ ಕೇಳಿದ್ದು ಒಂದೇ: "ಕೊನೇಲಿ ಅವ್ಳು ಏನಂದ್ಲು?" ಅವನು ಹೇಳಿದ: "ಬೈದ್ಲು, ಬೂಬೂ. ನನ್ ದೋಣೀನ, ನನ್ ಮೂಗನ್ನ, ನಮ್ಮಪ್ಪನ್ನ. ಬೈದು ಬೆನ್ನು ತಿರುಗಿಸಿದ್ಲು." ಬೂಬೂ ಏಳು ವರ್ಷಗಳಲ್ಲಿ ಮೊದಲ ಸಲ ನಕ್ಕಳು, ಹೌದು, ಅವಳೇ ಅದು ಎಂದಳು, ಆಮೇಲೆ ಮರೆ ಮಾಡಿಕೊಳ್ಳಲು ಸೆರಗಿಲ್ಲದ್ದರಿಂದ ಚಾಪೆಯ ಅಂಚನ್ನೇ ಎತ್ತಿ ಮುಖ ಮುಚ್ಚಿಕೊಂಡಳು. ಇಂದು ಬೆಳಿಗ್ಗೆ ಎದ್ದವಳೇ ತಮ್ಮನ್ನು ವಿಚಾರಿಸಿದಳು: ಸಾರ್ವಜನಿಕರೆಲ್ಲ ಕಟ್ಟೆಯ ಮೇಲಿದ್ದರಲ್ಲ, ಪಂದ್ಯದಲ್ಲಿ ಕೊನೆಗೆ ಗೆದ್ದವರು ಯಾರು?