ಕೊಡುವ ಮೊದಲೇ ತೊಟ್ಟ ಹೆಸರು

ದ್ವೀಪದೇಶದ ರಾಜಧಾನಿ ಆಪಿಯಾದ ನೀರು ಸರಬರಾಜು ಕಚೇರಿಯ ಗುಮಾಸ್ತ ಇಯೋಪುವಿನ ಮೇಜಿಗೆ ಗುರುವಾರ ಬೆಳಿಗ್ಗೆ ಹೊಸ ಕಂಪ್ಯೂಟರ್ ಬಂತು. ಇಮೇಲ್ ತೆರೆಯುತ್ತಲೇ ಅದು ಕೇಳಿತು: "ಪತ್ರ ಪಡೆದವರಿಗೆ ನಿಮ್ಮ ಹೆಸರು ಹೇಗೆ ಕಾಣಬೇಕು?"

ಆ ವಾರ ಆ ಮನುಷ್ಯನಿಗೆ ಕೇಳಬಾರದ ಪ್ರಶ್ನೆ ಅದು. ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತು. ಕುಟುಂಬದ ಯಜಮಾನನಿಗೆ ಸಲ್ಲುವ 'ಫುಯಿಮಾಲೊ' ಎಂಬ ಬಿರುದು ಅಂದಿನಿಂದ ಖಾಲಿ ಬಿದ್ದಿತ್ತು. ಅದು ಇಯೋಪುವಿಗೋ, ದೊಡ್ಡಪ್ಪನ ಮಗ ಲೇವಿಗೋ ಎಂಬುದು ಶನಿವಾರದ ಸಭೆಯಲ್ಲಿ ಗೊತ್ತಾಗಬೇಕಿತ್ತು. ಬರೆದರೆ ಹೇಗೆ ಕಾಣುತ್ತದೋ ನೋಡೋಣವೆಂದು ಅವನು 'ಫುಯಿಮಾಲೊ ಇಯೋಪು' ಎಂದು ಒತ್ತಿದ. ಹೆಣ್ಣು ಒಪ್ಪುವ ಮೊದಲೇ ಬಾಸಿಂಗ ಕಟ್ಟಿಕೊಂಡು ಕನ್ನಡಿ ನೋಡಿಕೊಂಡವನಂತೆ ಹಿಗ್ಗಿದ. ಅಷ್ಟರಲ್ಲಿ ಸಾಹೇಬರು ಕರೆದರು. ಮರಳಿ ಬಂದವನು ಅಳಿಸುವುದನ್ನು ಮರೆತು, 'ಸಭೆಯ ಊಟಕ್ಕೆ ಎರಡು ಹಂದಿ ನನ್ನ ಕಡೆಯಿಂದ' ಎಂದು ನಲವತ್ತೆರಡು ಬಂಧುಗಳಿಗೆ ಪತ್ರ ಕಳಿಸಿಬಿಟ್ಟ.

ಮೊದಲ ಫೋನು ಆಕ್ಲೆಂಡಿನಿಂದ, ಲೇವಿಯದೇ. "ಏನ್ ಯಜಮಾನ್ರೇ, ಪಟ್ಟ ಕಟ್ಟಿದ್ದು ಯಾರು? ಆ ಹಂದಿಗಳಾ?"

ಇಯೋಪುವಿನ ಕಿವಿ ಕಾದ ಹೆಂಚಾಯಿತು. ಗಡಬಡಿಸಿ ಹೆಸರು ತಿದ್ದಿ, ಪಕ್ಕದ ಮೇಜಿನ ಮೇತಾಳನ್ನು ಕೇಳಿದ: "ಈಗ ಎಲ್ಲರಿಗೂ ಸರಿಯಾಗಿ ಕಾಣುತ್ತಲ್ವಾ?"

"ಇನ್ಮೇಲೆ ಕಳಿಸೋದ್ರಲ್ಲಿ ಮಾತ್ರ ಅಣ್ಣಾ. ಹೋಗಿರೋದು ಹಚ್ಚೆ ಇದ್ದಂಗೆ, ಅಳಿಸಕ್ಕಾಗಲ್ಲ."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಚೇರಿಯೆಲ್ಲ ಹಬ್ಬಿತು. ಸಾಹೇಬರು ಎದುರಾದಾಗ ನಗದೆ, ಗೌರವದಿಂದ ತಲೆಬಾಗಿದರು. ನಕ್ಕಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು.

"ಅತ್ತೆ ಮನೆಗೆ ಹೋಗಿ ಚಾಪೆ ಹೊದ್ದು ಕೂತ್ಕೊಳ್ತೀನಿ," ಎಂದು ಇಯೋಪು ಎದ್ದ.

"ಅಯ್ಯೋ, ಅದು ಕೊಲೆ ಮಾಡಿದೋರು ಕೇಳೋ ಕ್ಷಮೆ ಅಣ್ಣಾ!"

"ನಾನು ಮಾಡಿರೋದೇನು ಕಮ್ಮಿನಾ?"

ಹೆಂಡತಿಯ ತವರಿಂದ ಬಂದ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು, ಅಪ್ಪನ ಅಕ್ಕನೂ ಕುಟುಂಬದ ಹಿರಿಯಳೂ ಆದ ಸಿನಾಪತಿ ಅತ್ತೆಯ ಅಂಗಳದಲ್ಲಿ, ಸುಡುವ ಬಿಸಿಲಿನಲ್ಲಿ ಅವನು ಕುಳಿತ. ನಾಯಿ ಬಂದು ಮೂಸಿ ಹೋಯಿತು. ಬೇಲಿಯಾಚೆ ಅಕ್ಕಪಕ್ಕದವರು ಸಾಲುಗಟ್ಟಿದರು.

"ಯಾರೋ ಅದು, ಚಾಪೆಯೊಳಗೆ?"

"ನಾನು ಅತ್ತೇ, ಇಯೋಪು. ಬರೀ ಇಯೋಪು." ಒಳಗಿನಿಂದಲೇ ಎಲ್ಲವನ್ನೂ ಒಪ್ಪಿಕೊಂಡ. ಬಿರುದಿನ ಆಸೆ, ಒತ್ತಿದ್ದು, ಹಿಗ್ಗಿದ್ದು, ಮರೆತದ್ದು, ಒಂದನ್ನೂ ಬಿಡಲಿಲ್ಲ.

ಅತ್ತೆ ಬಂದು ಚಾಪೆ ಎತ್ತಿದಳು. ಅಲ್ಲಿಗೆ ಕ್ಷಮೆ ಸಿಕ್ಕಿತು. ಆದರೆ ಅತ್ತೆಯ ಮುಖ ಮಾತ್ರ ಸಪ್ಪಗಿತ್ತು.

"ಅಯ್ಯೋ ಮಂಕೇ! ಬಿರುದು ನಿನಗೇ ಅಂತ ನಿನ್ನೆ ಸಂಜೆಯೇ ನಾವು ಹಿರಿಯರು ಗುಟ್ಟಾಗಿ ತೀರ್ಮಾನ ಮಾಡಿದ್ವಲ್ಲೋ. ಪತ್ರ ನೋಡಿ, ನಮ್ಮಲ್ಲಿ ಬಾಯಿಬಿಟ್ಟೋರು ಯಾರು ಅಂತ ಬೆಳಿಗ್ಗೆಯಿಂದ ನಾವ್‌ನಾವೇ ಕಚ್ಚಾಡ್ತಾ ಇದೀವಿ. ನೀನಾಗೇ ಹಾಕ್ಕೊಂಡಿದ್ದೀಯ ಅಂತ ಒಬ್ಬರಿಗೂ ಹೊಳೆದಿರ್ಲಿಲ್ಲ!"

ಇಯೋಪು ತಲೆಯೆತ್ತಿದ. "ಹಾಗಾದ್ರೆ... ಈಗ?"

"ಕೊಡೋಕೆ ಮುಂಚೆ ತಗೊಂಡೋನಿಗೆ ಕೊಡೋದು ಹೇಗೋ? ಲೇವಿಗೇ ಆಯ್ತು. ಏಳು, ಊಟ ಮಾಡು. ಆಮೇಲೆ ಎಲ್ಲರಿಗೂ ತಿಳಿಸೋ ಪತ್ರ ನೀನೇ ಕಳಿಸು. ನಮಗ್ಯಾರಿಗೂ ಅದು ಬರಲ್ಲ."