ಗದ್ದ ಎತ್ತುವ ಪರಂಪರೆ

ಗಾಜಣ್ಣ ಅಂದು ಬೆಳಿಗ್ಗೆ ತಾರಸಿಯ ಮೇಲೆ ಗದ್ದವನ್ನು ಒಂದಿಷ್ಟು ಮೇಲಕ್ಕೆತ್ತಿದ. ಮಾಡಿದ ತಪ್ಪು ಅಷ್ಟೇ. ಅದೂ ಬೇಕೆಂದು ಮಾಡಿದ್ದಲ್ಲ. ಎಡಗೈ ಮುಂದೆ ಚಾಚಿ, ಬಲಗೈ ಬೆರಳುಗಳನ್ನು ಕೊಕ್ಕಿನಂತೆ ಕೂಡಿಸಿ ಹಿಂದಕ್ಕಿಟ್ಟು, ತಾಯ್ ಚಿ ಎಂಬ ಚೀನೀ ವ್ಯಾಯಾಮದಲ್ಲಿ ‘ಒಂಟಿ ಚಾಟಿ’ ಎನ್ನುವ ಭಂಗಿಯನ್ನು ಮುಗಿಸುವಾಗ ಗದ್ದ ತಾನಾಗಿಯೇ ಎದ್ದುಬಿಟ್ಟಿತು.

“ಅಳಿಯಂದ್ರೇ, ಆ ಗದ್ದ ಎಲ್ಲಿಂದ ಬಂತು?” ಎಂದರು ಅತ್ತೆ.

ಹುಟ್ಟಿದಾಗಿನಿಂದ ಇದೆ ಎನ್ನುವ ಉತ್ತರ ಗಾಜಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ನಾಲಿಗೆಗೆ ಬಂದದ್ದನ್ನು ನುಂಗಿಕೊಳ್ಳುವುದರಲ್ಲಿ ಅವನದು ಪಳಗಿದ ಕೈ.

ಅತ್ತೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ವಾರ್ಡು ಬಿಟ್ಟಿದ್ದರು, ವಾರ್ಡಿನ ಗತ್ತು ಬಿಟ್ಟಿರಲಿಲ್ಲ. ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಕಟ್ಟಡದ ಜನರನ್ನೆಲ್ಲ ತಾರಸಿಗೆ ಹತ್ತಿಸಿ ತಾಯ್ ಚಿ ಕಲಿಸತೊಡಗಿದ್ದರು. ಅವರದು ಯಾಂಗ್ ಪದ್ಧತಿ. ಹೆಜ್ಜೆ ಅಗಲ, ಕೈಬೀಸು ಧಾರಾಳ, ಬೆನ್ನು ಗೋಡೆಯ ಹಾಗೆ ನೆಟ್ಟಗೆ. ಎಡಗಾಲಿನ ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿಯೂ ತಾಗದಂತಿರಬೇಕು. ಇದನ್ನು ಅವರು ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಶಿಷ್ಯರೇ ಗುರುವನ್ನು ನೋಡಿ ಕಲಿತಿದ್ದರು, ಇಂಥ ಸೂಕ್ಷ್ಮಗಳು ನೋಡಿಯೇ ಬರಬೇಕು ಎಂದು ತಮ್ಮತಮ್ಮಲ್ಲೇ ಹೆಮ್ಮೆಪಡುತ್ತಿದ್ದರು.

ಗದ್ದ ಬಂದದ್ದು ಬೇರೆ ಕಡೆಯಿಂದ. ಗಾಜಣ್ಣ ಕೆಲಸ ಮಾಡುತ್ತಿದ್ದುದು ದೊಡ್ಡದೊಂದು ಕನ್ನಡಕದ ಅಂಗಡಿಯಲ್ಲಿ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ, ಅದರಿಂದಲೇ ಆ ಹೆಸರು. ಅಂಗಡಿಯ ಯಜಮಾನರಿಗೂ ತಾಯ್ ಚಿಯ ಹುಚ್ಚು. ಅವರದು ವೂ ಪದ್ಧತಿ. ಹೆಜ್ಜೆ ಚಿಕ್ಕದು, ಮೈ ಮುಂದಕ್ಕೆ ವಾಲಿರಬೇಕು, ಭಂಗಿ ಮುಗಿಯುತ್ತಿದ್ದಂತೆ ಗದ್ದ ಮೇಲೇಳಬೇಕು. ದಿನವೂ ಅಂಗಡಿ ತೆರೆಯುವ ಮುಂಚೆ ಹಿತ್ತಲಿನ ಅಂಗಳದಲ್ಲಿ ಕೆಲಸದವರಿಗೆಲ್ಲ ಪಾಠ. ಒತ್ತಾಯವೇನೂ ಇರಲಿಲ್ಲ. ಬಾರದವರ ಹೆಸರು ಯಜಮಾನರಿಗೆ ನೆನಪಿರುತ್ತಿರಲಿಲ್ಲ, ಅಷ್ಟೇ.

ಗಾಜಣ್ಣನ ಹೆಸರು ಅವರಿಗೆ ನೆನಪಿರಲೇಬೇಕಿತ್ತು. ಅವನ ಮನೆಯ ಬೀದಿಯಲ್ಲೇ ಯಜಮಾನರು ಹೊಸ ಶಾಖೆ ತೆರೆಯುವವರಿದ್ದರು. ಅದರ ಉಸ್ತುವಾರಿ ಸಿಕ್ಕರೆ ಬೆಳಿಗ್ಗೆ ಸಂಜೆ ಎರಡೆರಡು ಬಸ್ಸು ಹಿಡಿಯುವ ಗೋಳು ತಪ್ಪುತ್ತಿತ್ತು, ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಬಹುದಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಜನ್ಮದಲ್ಲಿ ಒಮ್ಮೆಯಾದರೂ ಕೈಯಿರುವ ಕುರ್ಚಿಯಲ್ಲಿ ಕೂರಬಹುದಿತ್ತು. ಹೀಗಾಗಿ ಮನೆಯಲ್ಲಿ ಯಾಂಗ್, ಅಂಗಡಿಯಲ್ಲಿ ವೂ ಎಂದು ಅವನು ವರ್ಷಗಟ್ಟಲೆ ನಿಭಾಯಿಸಿಕೊಂಡು ಬಂದಿದ್ದ. ಅವನಿಗೆ ತಾವೊಬ್ಬರೇ ಗುರು ಎಂದು ಯಜಮಾನರು ನಂಬಿದ್ದರು. ಅತ್ತೆಯೂ ಹಾಗೇ ನಂಬಿದ್ದರು.

“ಕತ್ತು ಹಿಡಿದಿದೆ ಅತ್ತೆ, ಅದಕ್ಕೇ ಗದ್ದ ಹಾಗಾಯ್ತು” ಎಂದ ಗಾಜಣ್ಣ.

ನರ್ಸ್ ಆಗಿದ್ದವರ ಮುಂದೆ ಕತ್ತು ಹಿಡಿದಿದೆ ಎನ್ನಬಾರದಿತ್ತು. ಅತ್ತೆ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಅವನನ್ನು ಕೆಳಗೆ ಕರೆದೊಯ್ದು, ಬೀರುವಿನಿಂದ ಕತ್ತಿನ ಪಟ್ಟಿ ತೆಗೆದು ಕಿವಿಯವರೆಗೂ ಬಿಗಿದರು. ರಾತ್ರಿಯವರೆಗೆ ಬಿಚ್ಚಕೂಡದು ಎಂದು ಅಪ್ಪಣೆಯಾಯಿತು. ಬಸ್ಸಿನಲ್ಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡರಾಯಿತು ಎಂದುಕೊಂಡು ಅವನು ಮೆಟ್ಟಿಲಿಳಿದರೆ, ಬಾಗಿಲಲ್ಲಿ ಕೆಳಗಿನ ಮನೆಯ ‘ವಾರ್ತೆ’ ಸಿದ್ಧರಾಗಿ ನಿಂತಿದ್ದರು.

ಅವರ ನಿಜವಾದ ಹೆಸರು ಕಟ್ಟಡದಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ತಲುಪಿಸದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ತಾರಸಿಯ ಪಾಠದಲ್ಲಿ ಮೊದಲ ಸಾಲು ಅವರದೇ. ಹೊಸ ಕನ್ನಡಕ ಮಾಡಿಸಬೇಕು, ನಿಮ್ಮ ಜತೆಗೇ ಬರುತ್ತೇನೆ, ಹೇಗೂ ದಾರಿಯಲ್ಲಿ ನಿಮ್ಮ ಕತ್ತನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದರು. ಎರಡು ಬಸ್ಸಿನಲ್ಲೂ ಅವರ ಕಣ್ಣು ಆ ಪಟ್ಟಿಯ ಮೇಲಿಂದ ಕದಲಲಿಲ್ಲ.

ಅಂಗಳದಲ್ಲಿ ಪಾಠ ಆಗಲೇ ಶುರುವಾಗಿತ್ತು. ಗಾಜಣ್ಣ ಹೋಗಿ ಸಾಲಿನ ಕೊನೆಯಲ್ಲಿ ಸೇರಿಕೊಂಡ. ಒಂಟಿ ಚಾಟಿ ಬಂತು. ಎಲ್ಲರೂ ಮುಂದಕ್ಕೆ ವಾಲಿದರು, ಎಲ್ಲರ ಗದ್ದವೂ ಎದ್ದಿತು. ಪಟ್ಟಿ ಬಿಗಿದುಕೊಂಡ ಗಾಜಣ್ಣ ಮಾತ್ರ ಕಂಬದಂತೆ ನಿಂತಿದ್ದ. ಸಾಲದ್ದಕ್ಕೆ ಗಾಬರಿಯಲ್ಲಿ ಅವನ ಎಡ ಹಿಮ್ಮಡಿ ನೆಲ ಬಿಟ್ಟಿತ್ತು.

ಯಜಮಾನರು ಹತ್ತಿರ ಬಂದು ಅವನನ್ನು ಸುತ್ತುಹಾಕಿ ನೋಡಿ, ಈ ಹಿಮ್ಮಡಿ ನಮ್ಮದಲ್ಲವಲ್ಲ ಎಂದರು. ಗಾಜಣ್ಣ ಏನಾದರೊಂದು ಹೇಳುವುದರೊಳಗೆ, ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ವಾರ್ತೆಯವರು ಬಾಯಿ ಹಾಕಿದರು. ಅದು ನಮ್ಮದು, ಇವರ ಅತ್ತೆಯವರು ದಿನಾ ಕಲಿಸುತ್ತಾರೆ, ಯಾಂಗ್ ಮನೆತನದ ಶುದ್ಧ ಪದ್ಧತಿ, ಇಲ್ಲಿಯಂತೆ ಯಾರೂ ವಾಲುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದರು.

ಯಜಮಾನರ ಮುಖ ಗಂಟಾಯಿತು. ಸಂಜೆ ನಾನೇ ಬಂದು ಆ ಶುದ್ಧವನ್ನು ನೋಡುತ್ತೇನೆ ಎಂದರು. ಆಮೇಲೆ ದಿನವಿಡೀ ಗಾಜಣ್ಣ ಉಜ್ಜಿದ ಗಾಜುಗಳಲ್ಲಿ ಒಂದೂ ಫ್ರೇಮಿಗೆ ಸರಿಯಾಗಿ ಕೂರಲಿಲ್ಲ. ಶಾಖೆ ಕೈತಪ್ಪಿತೆಂದು ಅವನಿಗೆ ಅಳುವೇ ಬಂದಿತ್ತು.

ಸಂಜೆಯ ಹೊತ್ತಿಗೆ ವಾರ್ತೆಯವರ ದಯೆಯಿಂದ ತಾರಸಿ ತುಂಬಿಹೋಗಿತ್ತು. ಯಜಮಾನರು ಬಂದರು. ಅತ್ತೆ ಕುರ್ಚಿ ಕೊಟ್ಟರು, ಅವರು ಕೂರಲಿಲ್ಲ. ವಾಲಿದ್ದರೂ ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದೇ ಗೆರೆ, ಅದರಲ್ಲೇ ಬಲವಿರುವುದು ಎಂದು ಯಜಮಾನರು ಮಾಡಿ ತೋರಿಸಿದರು. ನಿಮ್ಮ ಪದ್ಧತಿಯ ಮೂಲಪುರುಷರು ಕಲಿತದ್ದು ಯಾಂಗ್ ಮನೆತನದವರಿಂದಲೇ, ವಾಲಿದ್ದು ಆಮೇಲೆ ಎಂದು ಅತ್ತೆ ನೆಟ್ಟಗೆ ನಿಂತು ತೋರಿಸಿದರು. ಕಲಿತವರು ಬೆಳೆಸಬಾರದೇ ಎಂದು ಯಜಮಾನರು, ಬೆಳೆಸುವುದು ಬೇರೆ ಬಗ್ಗಿಸುವುದು ಬೇರೆ ಎಂದು ಅತ್ತೆ. ಗಾಜಣ್ಣ ಇಬ್ಬರಿಗೂ ತಲೆದೂಗಲು ನೋಡಿದ. ಪಟ್ಟಿ ಬಿಡಲಿಲ್ಲ.

ಕೊನೆಗೆ ಯಜಮಾನರು ಅತ್ತೆಯ ಕಾಲಿನತ್ತ ಬೆರಳು ತೋರಿಸಿದರು. “ಹಿಮ್ಮಡಿ ಎತ್ತೋದು ಯಾವ ಗುರುಗಳಿಂದ ಬಂತಮ್ಮ?”

“ಗುರುಗಳಿಂದ ಅಲ್ಲ. ಅಲ್ಲಿ ಆಣಿಯಾಗಿದೆ, ಊರಿದ್ರೆ ನೋಯುತ್ತೆ” ಎಂದರು ಅತ್ತೆ. “ಇವರೆಲ್ಲ ಯಾಕೆ ಎತ್ತುತ್ತಾರೋ ನಂಗೂ ಗೊತ್ತಿಲ್ಲ.”

ಹಿಂದಿನ ಸಾಲಿನಲ್ಲಿ ಹಿಮ್ಮಡಿಗಳು ಒಂದೊಂದಾಗಿ ಸದ್ದಿಲ್ಲದೆ ನೆಲಕ್ಕಿಳಿದವು. ವಾರ್ತೆಯವರದು ಎಲ್ಲರಿಗಿಂತ ಕೊನೆಗೆ ಇಳಿಯಿತು.

“ಈಗ ನಿಮ್ಮ ಗದ್ದದ ವಿಷಯ” ಎಂದು ಅತ್ತೆ ಮುಂದುವರಿಸಿದರು. “ಕನ್ನಡಕ ತೆಗೆದು ಒಂದ್ಸಲ ಮಾಡಿ.”

ಯಜಮಾನರು ನಕ್ಕು ಕನ್ನಡಕ ತೆಗೆದು ಒಂಟಿ ಚಾಟಿ ಮಾಡಿದರು. ಗದ್ದ ಇದ್ದಲ್ಲೇ ಇತ್ತು. ಇನ್ನೊಮ್ಮೆ ಮಾಡಿದರು. ಆಗಲೂ ಅದು ಏಳಲಿಲ್ಲ. ಕನ್ನಡಕ ಹಾಕಿಕೊಂಡು ಮಾಡಿದರು. ಅದು ಮೂಗಿನ ತುದಿಗೆ ಜಾರಿತು, ಗದ್ದ ಎದ್ದಿತು.

ಅತ್ತೆ ಅಳಿಯನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಪುಟ್ಟ ಸ್ಕ್ರೂಡ್ರೈವರನ್ನು ತಾವೇ ತೆಗೆದುಕೊಂಡು, ಯಜಮಾನರ ಕನ್ನಡಕದ ತಿರುಪುಗಳನ್ನು ಬಿಗಿದು, ಕಡ್ಡಿಗಳನ್ನು ಒಂದಿಷ್ಟು ಬಗ್ಗಿಸಿ ವಾಪಸ್ಸು ಕೊಟ್ಟರು. ಯಜಮಾನರು ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದರು. ಅದು ಜಾರಲಿಲ್ಲ.

“ನೀನು ದಿನಾ ಎದುರಿಗೆ ನಿಂತು ನೋಡ್ತಿದ್ದೆ. ನಿನ್ನ ಕಸುಬೇ ಇದು. ಒಂದು ದಿನ ಹೇಳಬಾರದಿತ್ತೇನೋ?” ಎಂದರು ಗಾಜಣ್ಣನಿಗೆ.

“ನಾನದನ್ನ ಪದ್ಧತಿ ಅಂದ್ಕೊಂಡಿದ್ದೆ ಸಾರ್.”

ಯಜಮಾನರು ತಾರಸಿಯ ಅಂಚಿಗೆ ಹೋಗಿ ಬೀದಿಯತ್ತ ನೋಡಿದರು. ಆಮೇಲೆ ಅವರ ಮಾತಿನ ಧಾಟಿಯೇ ಬದಲಾಗಿತ್ತು. ಈ ಬೀದಿಯಲ್ಲೇ ಅಂಗಡಿ ತೆರೆಯುತ್ತಿದ್ದೇನೆ, ಇದೇ ಮನೆಯವರಿಗೆ ಅದನ್ನು ಒಪ್ಪಿಸಿದರೆ ನನಗೆ ನೆಮ್ಮದಿ ಎಂದರು. ಆಗಲಿ ಸಾರ್ ಎನ್ನಲು ಬಾಯಿ ತೆರೆದ ಗಾಜಣ್ಣ, ಯಜಮಾನರು ತನ್ನ ಕಡೆ ನೋಡುತ್ತಿಲ್ಲ ಎಂಬುದನ್ನು ಕಂಡು ಹಾಗೇ ಮುಚ್ಚಿದ.

“ಗಿರಾಕಿಗೆ ಒಪ್ಪದ ಫ್ರೇಮು ಕಂಡ್ರೆ ಮುಖದ ಮೇಲೆ ಹೇಳೋರು ಬೇಕಮ್ಮ ನಂಗೆ” ಎಂದರು ಯಜಮಾನರು ಅತ್ತೆಗೆ. “ನೀವು ನೋಡ್ಕೋತೀರಾ?”

ಮನೆಯಲ್ಲಿ ಕೂತು ಬೇಸರವಾಗಿದೆ, ನೋಡಿಕೊಳ್ಳುತ್ತೇನೆ ಎಂದರು ಅತ್ತೆ. ಜನ ಚಪ್ಪಾಳೆ ತಟ್ಟಿದರು. ಗಾಜಣ್ಣನೂ ತಟ್ಟಿದ. ಶಾಖೆಯಲ್ಲಿ ಗಾಜು ಉಜ್ಜುವ ಕೆಲಸವಾದರೂ ಸಿಗಬಹುದೇ ಎಂದು ಮೆಲ್ಲಗೆ ವಿಚಾರಿಸಿದ. ಉಜ್ಜುವ ಯಂತ್ರ ದೊಡ್ಡ ಅಂಗಡಿಯಲ್ಲೇ ಇರುತ್ತದೆ, ಅದರ ಜತೆ ನೀನೂ ಅಲ್ಲೇ ಎಂದು ಯಜಮಾನರು ಮೆಟ್ಟಿಲಿಳಿದರು.

ಎಲ್ಲರೂ ಹೋದ ಮೇಲೆ ಅತ್ತೆ ಅವನ ಕತ್ತಿನ ಪಟ್ಟಿ ಬಿಚ್ಚಿದರು. ಅವರ ಮುಖದಲ್ಲಿ ಒಂಚೂರು ಅಳುಕಿತ್ತು.

“ಆ ಕೆಲಸದ ಮೇಲೆ ನಿಮಗೇನಾದ್ರೂ ಆಸೆಯಿತ್ತಾ ಅಳಿಯಂದ್ರೇ? ಇದ್ರೆ ಹೇಳಿಬಿಡಿ. ನಾಳೇನೇ ನಾನು ಬೇಡ ಅಂತೀನಿ.”

ಗಾಜಣ್ಣನಿಗೆ ಕೈಯಿರುವ ಕುರ್ಚಿ ಕಣ್ಣಮುಂದೆ ಬಂತು. ಹೇಳಬೇಕಾದ ಮಾತೂ ಬಂತು, ನಾಲಿಗೆಯ ತುದಿಯವರೆಗೆ.

“ಛೆ ಛೆ, ನಂಗ್ಯಾಕತ್ತೆ. ನೀವಿದ್ರೇನೇ ಚೆಂದ” ಎಂದ.

“ಸದ್ಯ” ಎಂದು ಅತ್ತೆ ನಿಟ್ಟುಸಿರಿಟ್ಟರು. “ಹಾಗಾದ್ರೆ ಒಂದು ಉಪಕಾರ ಮಾಡಿ. ಹೇಗೂ ದಿನಾ ಅಲ್ಲಿಂದ ಬರ್ತೀರಲ್ಲ. ಮಧ್ಯಾಹ್ನ ಒಂದ್ಸಲ ಬಂದು ಶಾಖೆಗೆ ಗಾಜು ತಲುಪಿಸಿ ಹೋಗಿಬಿಡಿ. ಎರಡೇ ಬಸ್ಸು ತಾನೆ?”

“ಎರಡೇ ಅತ್ತೆ” ಎಂದ ಗಾಜಣ್ಣ.